ಬೂದಿ ನಂಬಿ ಶುಂಠಿ ಹಾಕಬೇಡಿ

ಬ್ಯಾಣ (ಹುಲ್ಲು, ಪೊದೆ ಬೆಳೆದ ಗುಡ್ಡದ ಜಾಗ) ಸುಟ್ಟು ನೀವು ಗುಂಪಲ್ಲಿ ಹಾಕಿದ ಫೋಟೋ ನೋಡಿದೆ ತಮ್ಮಾ. "ಅಜ್ಜನ ಕಾಲದ ಕುಮರಿ ಬೇಸಾಯ, ಬೂದಿಯೇ ಗೊಬ್ಬರ, ಈ ಸಲ ಶುಂಠಿಗೆ ಖರ್ಚಿಲ್ಲ" ಅಂತ ಬರೆದಿದ್ದೀರಿ. ಕುಮರಿ ಅಂದರೆ ಕಾಡು ಕಡಿದು ಸುಟ್ಟು, ಆ ಬೂದಿಯಲ್ಲಿ ಬಿತ್ತುವುದು. ಸುಮ್ನೆ ಲೈಕ್ ಒತ್ತಿ ಹೋಗೋಣ ಅಂದುಕೊಂಡೆ, ಆಗಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ.

ನಮ್ಮದು ತೀರ್ಥಹಳ್ಳಿ ಕಡೆ, ಮನೆ ಹಿಂದೆ ಒಂದೂವರೆ ಎಕರೆ ಇಳಿಜಾರು. ಯುಪಟೋರಿಯಂ, ಲಂಟಾನದಂಥ ಕಳೆಗಿಡ ಎಲ್ಲ ಸವರಿ, ಶಿವರಾತ್ರಿ ಕಳೆದ ಮೇಲೆ ಬೆಂಕಿ ಕೊಟ್ಟೆ. ಕಾಲಿಟ್ಟರೆ ಮೆತ್ತಗೆ ಬೂದಿ, ಖುಷಿಯೋ ಖುಷಿ. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಎರಡೇ ದಿನ. ಕೆಳಗಿನ ತೋಟದ ಕಪ್ಪಿನಲ್ಲಿ (ನೀರು ಬಸಿಯುವ ಕಾಲುವೆಯಲ್ಲಿ) ಸಿಮೆಂಟ್ ಕಲಸಿದ ಹಾಗೆ ನೀರು. ಕೊಡೆ ಹಿಡಿದು ನಿಂತು, ಬೂದಿಯಲ್ಲಿದ್ದ ನನ್ನ ಪೊಟ್ಯಾಷ್ ಗೊಬ್ಬರ ಹಳ್ಳ ಸೇರುವುದನ್ನು ನೋಡಿದೆ. ಆ ವರ್ಷ ಶುಂಠಿ ಪರವಾಗಿಲ್ಲ ಅನ್ನುವಷ್ಟು ಬಂತು. ಅದೇ ಧೈರ್ಯಕ್ಕೆ ಮರುವರ್ಷ ಅಲ್ಲೇ ಮತ್ತೆ ಹಾಕಿದೆ. ಎಲೆ ಹಳದಿ, ಕಿತ್ತರೆ ಕೊಳೆತ ಗಡ್ಡೆ, ಮೂಗು ಮುಚ್ಚಿಕೊಳ್ಳಬೇಕು. ಬೀಜದ ದುಡ್ಡೂ ಹುಟ್ಟಲಿಲ್ಲ.

ಕುಮರಿ ಮಾಡಿದವರು ದಡ್ಡರಲ್ಲ. ಗುಡ್ಡದಲ್ಲಿ ನೇಗಿಲು ನಡೆಯದು, ಬಡವರ ಮನೆಯಲ್ಲಿ ಎತ್ತಿಲ್ಲ, ಸಗಣಿ ಗೊಬ್ಬರ ಇಲ್ಲ. ಕತ್ತಿ, ಬೆಂಕಿ ಎರಡೇ ಬಂಡವಾಳ. ನಮ್ಮಂಥ ಮಳೆಕಾಡಲ್ಲಿ ಸಾರ ಜಾಸ್ತಿ ಕೂತಿರುವುದು ಮರದಲ್ಲೇ. ಸುಟ್ಟರೆ ಸುಣ್ಣ, ಪೊಟ್ಯಾಷ್ ಒಂದೇ ಸಲ ನೆಲಕ್ಕೆ ಬೀಳುತ್ತದೆ, ಹುಳಿ ಮಣ್ಣು ಸ್ವಲ್ಪ ಸರಿಹೋಗುತ್ತದೆ, ಕಳೆ ಬೀಜವೂ ಒಂದಷ್ಟು ಸಾಯುತ್ತದೆ. ಉಳುವುದೇ ಬೇಡ, ರಾಗಿಯನ್ನೋ ಸಾಮೆಯನ್ನೋ ಎರಚಿದರೆ ಆಯಿತು. ಆದರೆ ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಎರಡು ಮೂರು ಬೆಳೆಗೆ ನೆಲ ಸೋಲುತ್ತದೆ, ಕಳೆ ಮೇಲೇಳುತ್ತದೆ. ಆಗ ಅವರು ಜಾಗ ಬಿಟ್ಟು ಹನ್ನೆರಡು, ಹದಿನೈದು ವರ್ಷ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕಾಡು ಮತ್ತೆ ಬೆಳೆದು ಆ ಸಾಲ ತೀರಿಸುತ್ತಿತ್ತು. ನಿಮ್ಮ ಎರಡು ಎಕರೆಯನ್ನು ಅಷ್ಟು ವರ್ಷ ಖಾಲಿ ಬಿಡುತ್ತೀರಾ? ಬ್ರಿಟಿಷರ ಕಾಲದಲ್ಲಿ ಶಿವಮೊಗ್ಗದಲ್ಲೇ ಡಾಕ್ಟರಾಗಿದ್ದ ಕ್ಲೆಗಾರ್ನ್ ಸಾಹೇಬ 1856ರಲ್ಲಿ ಮದರಾಸಿನ ಅರಣ್ಯಾಧಿಕಾರಿಯಾಗಿ, ಕುಮರಿ ನಿಲ್ಲಿಸಬೇಕೆಂದು ಅವರ ಬೆನ್ನು ಹತ್ತಿದ. ನಾವೀಗ ಗುತ್ತಿಗೆಗೆ ಗದ್ದೆ ಹಿಡಿದು, ಶುಂಠಿ ತೆಗೆದು, ರೋಗ ಬಿಟ್ಟು ಮುಂದಿನ ಊರಿಗೆ ಹೋಗುತ್ತೇವೆ. ಇದೂ ಕುಮರಿಯೇ ಅಲ್ವಾ, ಬೆಂಕಿ ಒಂದಿಲ್ಲ.

ಸುಟ್ಟಿದ್ದು ಸುಟ್ಟಾಯಿತು. ಈಗ ಮಳೆಗೆ ಮೊದಲು ಇಳಿಜಾರಿಗೆ ಅಡ್ಡ ಚರಂಡಿ ತೆಗೆಯಿರಿ, ಉದ್ದಕ್ಕೆ ಅಲ್ಲ. ಅರೆ ಸುಟ್ಟ ಕೊರಡು ಎಷ್ಟಿದೆಯೋ ಅಷ್ಟನ್ನೂ ಅಡ್ಡ ಸಾಲಾಗಿ ಇಡಿ. ಒಂದು ಮಳೆ ಬಿದ್ದ ಕೂಡಲೇ ಅಲಸಂದೆ ಎರಚಿ. ಶುಂಠಿ ಹಾಕಲೇಬೇಕು ಅಂದರೆ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು, ಏರುಮಡಿ ಬೇಕು, ಸೊಪ್ಪಿನ ಮುಚ್ಚಿಗೆ ಬೇಕು. ಹಾಕಿದ ಜಾಗಕ್ಕೆ ಮರುವರ್ಷ ಖಂಡಿತ ಬೇಡ.

ಒಲೆ ಬೂದಿ ಇದ್ದರೆ ಒಣಗಿಸಿ ಡ್ರಮ್ಮಿನಲ್ಲಿ ಮುಚ್ಚಿಡಿ, ಬಾಳೆಗೆ ತೆಂಗಿಗೆ ಬೊಗಸೆ ಬೊಗಸೆ ಹಾಕಿ. ಯೂರಿಯಾ ಜೊತೆ, ಹಸಿ ಸಗಣಿ ಜೊತೆ ಕಲಸಬೇಡಿ. ಮೂಗಿಗೆ ಹೊಡೆಯುವ ಆ ಘಾಟು ಸಾರಜನಕವೇ ಹಾರಿಹೋಗುವುದು. ಎಷ್ಟು ಸಲ ಹೇಳಿದರೂ ಈ ಗುಂಪಲ್ಲಿ ಕಲಸುವವರು ಕಲಸುತ್ತಲೇ ಇದ್ದಾರೆ. ತರಕಾರಿ ಮಡಿಗೆ ಸುಡುಮಣ್ಣು ಮಾಡುವುದು ಬೇರೆ ಮಾತು. ಅದು ಮನೆ ಹತ್ತಿರ ಸಣ್ಣ ಗುಪ್ಪೆ, ಮೇಲೆ ಮಣ್ಣು ಮುಚ್ಚಿ ನಿಧಾನ ಬೇಯಿಸುವುದು. ಗುಡ್ಡಕ್ಕೆ ಬೆಂಕಿ ಇಟ್ಟರೆ ಗಾಳಿ ತಿರುಗಿ ಪಕ್ಕದವರ ಅಡಿಕೆ ತೋಟಕ್ಕೋ ಕಾಡಿಗೋ ದಾಟಿದರೆ ಕೇಸು ನಿಮ್ಮ ತಲೆಗೆ.

ಯುಪಟೋರಿಯಂ ಬೆಂಕಿಗೆ ಹೆದರುವ ಗಿಡ ಅಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ದೀಪಾವಳಿ ಹೊತ್ತಿಗೆ, ಹೂ ಬಿಡುವ ಮೊದಲೇ ಸವರಿ ಅಡಿಕೆ ಬುಡಕ್ಕೆ ಹಾಸಿ. ನಾನು ಮೊದಲು ಆನ್‌ಲೈನ್‌ನಲ್ಲಿ ಕಳೆ ಸವರುವ ಅಗ್ಗದ ಮೆಷಿನ್ ತರಿಸಿ ಒಂದೇ ಹಂಗಾಮಿಗೆ ಗುಜರಿಗೆ ಹಾಕಿದೆ. ಈಗ ಸ್ಟಿಲ್ ಕಂಪನಿಯದು ಇದೆ, ದುಬಾರಿ, ಆದರೆ ನನ್ನ ಮಟ್ಟಿಗೆ ಅದೇ ಸೈ. ನೈಲಾನ್ ದಾರ ಹುಲ್ಲಿಗೆ ಮಾತ್ರ, ಈ ಗಿಡಕ್ಕೆ ಮೂರು ಹಲ್ಲಿನ ಬ್ಲೇಡ್ ಹಾಕಿ. ಕಣ್ಣಿಗೆ ಕನ್ನಡಕ ಮರೆಯಬೇಡಿ.