ಓದುಗರ ಪ್ರಶ್ನೆ, ನಮ್ಮ ಉತ್ತರ: ಮಧ್ಯಾಹ್ನ ಮಾತ್ರ ಮುಷ್ಕರ ಹೂಡೋ ಬೋರ್ಡು

ಪ್ರಶ್ನೆ: ಬೋರ್‌ವೆಲ್ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಬೋರ್ಡ್ ಜೋಡಿಸಿ ಕೊಡ್ತೀನಿ ಸಾರ್. ಅಂಗಡೀಲಿ ಚೆನ್ನಾಗೇ ಓಡ್ತವೆ, ಹೊಲದಾಗೆ ತಗಡಿನ ಡಬ್ಬಿಗೆ ಹಾಕಿದ್ರೆ ಏಪ್ರಿಲ್ ಮಧ್ಯಾಹ್ನ ಹ್ಯಾಂಗು, ಸಂಜಿ ಹೊತ್ತಿಗೆ ತಾನೇ ಸರಿಹೋಗ್ತೈತೆ. ಹೇರ್ ಡ್ರೈಯರ್ ಹಿಡಿದು ನೋಡ್ದೆ, ಏನೂ ಗೊತ್ತಾಗ್ಲಿಲ್ಲ. ರಾತ್ರಿಯೆಲ್ಲ ತಾನೇ ಬಿಸಿ ಮಾಡಿ ಟೆಸ್ಟ್ ಮಾಡೋ ಪೆಟ್ಟಿಗೆ ಮಾಡ್ಕೋಬಹುದಾ?
- ಓದುಗರು, ಚಿತ್ರದುರ್ಗ

ಉತ್ತರ: ಆರಾಮಾಗಿ ಮಾಡ್ಕೋಬಹುದು. ಹೇರ್ ಡ್ರೈಯರ್‌ನಲ್ಲಿ ಗೊತ್ತಾಗದೇ ಇರೋದು ಯಾಕಂದ್ರೆ ಅದು ಮೇಲ್ಮೈನಷ್ಟೇ ಬಿಸಿ ಮಾಡುತ್ತೆ, ಅದೂ ಎರಡು ನಿಮಿಷ, ಡಬ್ಬಿ ಒಳಗಿನ ಬೋರ್ಡು ಬೆಳಗ್ಗೆಯಿಂದ ಬೇಯ್ತಾ ಇರುತ್ತೆ. ಮೊದಲು ಆ ತಗಡಿನ ಡಬ್ಬಿ ಒಳಗೇ ಒಂದು ಸೆನ್ಸರ್ ಇಟ್ಟು ಒಂದಿನ ಅಳೀರಿ, ಹೊರಗೆ 40 ಡಿಗ್ರಿ ಅಂದ್ರೆ ಒಳಗೆ ಎಷ್ಟಿದೆ ಅಂತ ನೋಡಿ ನೀವೇ ಹೌಹಾರ್ತೀರಿ.

ಪೆಟ್ಟಿಗೆಗೆ ತಗಡಿನ ಡಬ್ಬ, ಒಳಗೆ 60 ವ್ಯಾಟ್ ಹಳೇ ಗುಂಡು ಬಲ್ಬು, ಗಾಳಿ ತಿರುಗಿಸೋಕೆ ಕಂಪ್ಯೂಟರ್ ಫ್ಯಾನು. ಥರ್ಮಾಕೋಲ್ ಬೇಡ, ಬಲ್ಬಿನ ಹತ್ರ ಕರಗಿ ಮುದ್ದೆ ಆಗುತ್ತೆ. ಇದನ್ನೆಲ್ಲ ಕಂಟ್ರೋಲ್ ಮಾಡೋ, ಪ್ರೋಗ್ರಾಂ ಹಾಕೋ ಪುಟ್ಟ ಬೋರ್ಡು ಇಎಸ್‌ಪಿ32 ಪೆಟ್ಟಿಗೆ ಹೊರಗಿರಲಿ, ಪರೀಕ್ಷೆ ಮಾಡೋ ಮೇಷ್ಟ್ರೇ ಸೆಕೆಗೆ ಬಿದ್ದೋದ್ರೆ ಏನು ಗತಿ! ಬಿಸಿ ಅಳೆಯೋ ಸೆನ್ಸರ್ ಡಿಎಸ್18ಬಿ20 ಸಾಕು, ಆದ್ರೆ ಎರಡು ಹಾಕಿ: ಒಂದು ಗಾಳೀಲಿ, ಇನ್ನೊಂದು ಬೋರ್ಡಿನ ವೋಲ್ಟೇಜ್ ಒಂದೇ ಸಮ ಇಡೋ ರೆಗ್ಯುಲೇಟರ್‌ಗೆ ಅಂಟಿಸಿ. 7805 ತರದ ರೆಗ್ಯುಲೇಟರ್ ಮಿತಿಮೀರಿ ಕಾದ್ರೆ ತಾನೇ ಬಂದ್ ಆಗಿ, ಆರಿದ ಮೇಲೆ ಮತ್ತೆ ಬರುತ್ತೆ, ನಿಮ್ಮ ಸಂಜೆ ಕಥೆ ಕೇಳಿದ್ರೆ ನನಗೆ ಮೊದಲು ಅದರ ಮೇಲೇ ಅನುಮಾನ.

ಪ್ರೋಗ್ರಾಂ ಹೀಗಿರಲಿ: 40ಕ್ಕೆ ತಂದು ಅರ್ಧ ಗಂಟೆ ಹಾಗೇ ಹಿಡಿದು ಇಡೋದು, ಆ ಬಿಸೀಲೇ ಬೋರ್ಡಿನ ಪವರ್ ತೆಗೆದು ಹಾಕಿ ಹತ್ತು ಸಲ ರೀಸ್ಟಾರ್ಟ್ ಮಾಡೋದು, ಪ್ರತಿ ಸಲ ಮೋಟರ್ ಆನ್ ಮಾಡೋ ರಿಲೇ ಎತ್ತಿತಾ, ಸಿಮ್ ನೆಟ್‌ವರ್ಕ್ ಹಿಡೀತಾ ಅಂತ ಟೈಮ್ ಸಮೇತ ಬರೆಯೋದು, ಆಮೇಲೆ 50, 60, 70. ಎಷ್ಟೋ ಬೋರ್ಡು ಬಿಸೀಲಿ ಓಡ್ತಾನೇ ಇರುತ್ತೆ, ಕರೆಂಟ್ ಹೋಗಿ ಬಂದಾಗ ಮಾತ್ರ ಏಳಲ್ಲ. ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗಿ ಬರುತ್ತೆ ಅಂತ ಹೇಳ್ಬೇಕಾ.

ಈಗ ನಾನೇ ಏಟು ತಿಂದ ಜಾಗ. ಈ ಸೆನ್ಸರ್ ಪವರ್ ಬಂದ ತಕ್ಷಣ ಓದಿದ್ರೆ 85 ಅನ್ನುತ್ತೆ, ಅಳತೆ ಮುಗಿಸೋಕೆ ಅದಕ್ಕೆ 750 ಮಿಲಿಸೆಕೆಂಡ್ ಬೇಕು. ಅದಾದ್ರೂ ಪರವಾಗಿಲ್ಲ ಅನ್ನಿ, ವೈರು ಲೂಸ್ ಆದ್ರೆ ಅದನ್ನ ಓದೋ ಆರ್ಡುಯಿನೋ ಲೈಬ್ರರಿ (ರೆಡಿಮೇಡ್ ಕೋಡು) ಮೈನಸ್ 127 ಕೊಡುತ್ತೆ. ಒಂದಿನ ಬೆಳಗ್ಗೆ ನೋಡಿದ್ರೆ ಲಾಗ್ ತುಂಬಾ ಮೈನಸ್ 127, ನನ್ನ ಪ್ರೋಗ್ರಾಂ ಪಾಪ "ಅಯ್ಯೋ ಎಷ್ಟು ಚಳಿ" ಅಂದ್ಕೊಂಡು ರಾತ್ರಿಯೆಲ್ಲ ಬಲ್ಬು ಉರಿಸಿದೆ, ಬೋರ್ಡಿನ ಪ್ಲಾಸ್ಟಿಕ್ ಕನೆಕ್ಟರ್ ಸೊಟ್ಟಗಾಗಿ ಕೂತಿತ್ತು. ಅದಕ್ಕೇ ಈ ಎರಡು ಸಂಖ್ಯೆ ಬಂದ್ರೆ ನಂಬದೆ ಮತ್ತೆ ಓದಿ, ಆಗಲೂ ಅದೇ ಬಂದ್ರೆ ಬಲ್ಬು ಆಫ್. ಅದೂ ಸಾಲದು, ಬಲ್ಬು ಆನ್-ಆಫ್ ಮಾಡೋ ಸಾಲಿಡ್ ಸ್ಟೇಟ್ ರಿಲೇ (ಎಲೆಕ್ಟ್ರಾನಿಕ್ ಸ್ವಿಚ್ಚು) ಕೆಟ್ರೆ ಸಾಮಾನ್ಯವಾಗಿ ಆನ್ ಆಗೇ ಅಂಟ್ಕೊಳುತ್ತೆ, ಬಲ್ಬಿನ ಲೈನಲ್ಲೇ 80 ಡಿಗ್ರಿಗೆ ಕಟ್ ಆಗೋ ಥರ್ಮೋಸ್ಟಾಟ್ ಒಂದು ಹಾಕಿ, ಗೀಸರ್ ರಿಪೇರಿ ಅಂಗಡೀಲಿ ಕೇಳಿ ನೋಡಿ. ತಗಡಿಗೆ ಅರ್ಥಿಂಗ್ ಮರೀಬೇಡಿ. ಇಷ್ಟೆಲ್ಲ ಹಾಕಿದ್ರೂ ಮೊದಲ ನಾಕು ರಾತ್ರಿ ಎದುರಿಗೇ ಕೂತ್ಕೊಳಿ.

ಪ್ರಶ್ನೆ: ಪ್ರಾಜೆಕ್ಟ್ ಬೋರ್ಡನ್ನ ಫ್ರೀಜರ್‌ನಲ್ಲಿಟ್ಟು ತೆಗೆದು ಪವರ್ ಕೊಟ್ಟೆ, ಸುಟ್ಟೋಯ್ತು. ಚಳಿಗಾ?
- ವಿದ್ಯಾರ್ಥಿ, ದಾವಣಗೆರೆ

ಉತ್ತರ: ಚಳಿಗಲ್ಲ, ನೀರಿಗೆ. ಫ್ರಿಜ್ಜಿಂದ ತೆಗೆದ ಬಾಟ್ಲಿ ಬೆವರುತ್ತಲ್ಲ, ನಿಮ್ಮ ಬೋರ್ಡೂ ಹಂಗೇ ಬೆವರಿದೆ. ಜಿಪ್ ಕವರಿಗೆ ಹಾಕಿ ಗಾಳಿ ತೆಗೆದು ಒಳಗಿಡಿ, ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೇ ಒಂದೆರಡು ಗಂಟೆ ಬಿಡಿ. ಅಷ್ಟೊತ್ತು ಏನು ಮಾಡೋದು ಅಂದ್ರೆ ನಿಮ್ಮೂರಲ್ಲಿ ಬೆಣ್ಣೆ ದೋಸೆಗೇನು ಬರವಾ.