ಎಲ್ಲ ರಿಪೋರ್ಟೂ ನಾರ್ಮಲ್, ಹಾಗಾದರೆ ಕಾಯಿಲೆ ಎಲ್ಲಿದೆ?

ಮನೋರೋಗಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ. ಕಾರಣ ಏನಂತ ಸರಿಯಾಗಿ ಗೊತ್ತಿಲ್ಲದಿದ್ದರೂ ಔಷಧಿ ಹೇಗೆ ಕೊಡ್ತೀರಿ ಅಂತ. ನ್ಯಾಯವಾದ ಪ್ರಶ್ನೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿದ್ದೀರಿ, ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ 21 ವರ್ಷ. ಯಾರೋ ಕಿವಿಯಲ್ಲಿ ಮಾತಾಡ್ತಾರೆ ಅಂತಾನೆ. ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಾನೆ. ಡಾಕ್ಟರು ತುಂಬ ಹೊತ್ತು ಮಾತಾಡಿಸಿ ಸ್ಕಿಜೋಫ್ರೇನಿಯಾ ಅಂದರು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ನಾರ್ಮಲ್. ಹಾಗಾದರೆ ಕಾಯಿಲೆ ಎಲ್ಲಿದೆ? ಬೆಳೆಸಿದ ರೀತಿಯೇ ಸರಿ ಇಲ್ಲ ಅಂತ ನೆಂಟರು ನನ್ನನ್ನೇ ದೂರ್ತಾರೆ.

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳ್ತೀನಮ್ಮ. ಇದು ನಿಮ್ಮಿಂದ ಬಂದದ್ದಲ್ಲ.

ನಿಮ್ಮ ನೆಂಟರ ಮಾತನ್ನು ಒಂದು ಕಾಲದಲ್ಲಿ ನಮ್ಮ ವೈದ್ಯರೇ ಹೇಳುತ್ತಿದ್ದರು. 1948ರಲ್ಲಿ ಫ್ರೀಡಾ ಫ್ರೊಮ್-ರೈಶ್ಮನ್ ಎಂಬ ಮನೋವೈದ್ಯೆ ಈ ಕಾಯಿಲೆಗೆ ತಾಯಿಯ ನಡವಳಿಕೆಯೇ ಕಾರಣ ಎಂಬರ್ಥದಲ್ಲಿ ಬರೆದರು. ಅದನ್ನು ನಂಬಿದವರು ಎಷ್ಟೋ ವರ್ಷ ತಾಯಂದಿರನ್ನು ಅಪರಾಧಿಗಳ ಹಾಗೆ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಆಮೇಲೆ 1966ರಲ್ಲಿ ಅಮೆರಿಕದ ಲಿಯೊನಾರ್ಡ್ ಹೆಸ್ಟನ್ ಒಂದು ಅಧ್ಯಯನ ಪ್ರಕಟಿಸಿದರು. ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಮೊದಲ ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರೆಯಾಗಿ ಬೇರೆಲ್ಲೋ ಬೆಳೆದ 47 ಜನರನ್ನು ಅವರು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. 5 ಜನಕ್ಕೆ ಕಾಯಿಲೆ ಬಂದಿತ್ತು. ಹಾಗೆಯೇ ತಾಯಿಯಿಂದ ದೂರ ಬೆಳೆದ, ಆದರೆ ತಾಯಿಗೆ ಈ ಕಾಯಿಲೆ ಇಲ್ಲದಿದ್ದ 50 ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಅಂದರೆ ಆ ಐವರ ಪಾಲಿಗೆ ಹೆತ್ತಮ್ಮ ಬೆಳೆಸಿದ ರೀತಿ ಅನ್ನೋದೇ ಇರಲಿಲ್ಲ, ಅಲ್ವಾ?

ಇನ್ನು ಪರೀಕ್ಷೆಗಳ ವಿಷಯ. ಸ್ಕಿಜೋಫ್ರೇನಿಯಾ ಇದೆ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ನೂರಾರು ರೋಗಿಗಳ ಸ್ಕ್ಯಾನನ್ನು ಒಟ್ಟಿಗೆ ಇಟ್ಟು ಸರಾಸರಿ ತೆಗೆದರೆ ಮೆದುಳಿನ ಕೆಲವು ಭಾಗಗಳಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತದೆ. ಆದರೆ ಆರೋಗ್ಯವಂತರಲ್ಲೂ ಅಷ್ಟು ಹೆಚ್ಚುಕಮ್ಮಿ ಇರುವುದರಿಂದ, ನಿಮ್ಮ ಮಗನ ಒಂದು ಸ್ಕ್ಯಾನ್ ನೋಡಿ ಏನೂ ಹೇಳೋಕಾಗಲ್ಲ. ನಿಮ್ಮ ಡಾಕ್ಟರು ಆ ಪರೀಕ್ಷೆಗಳನ್ನು ಮಾಡಿಸಿದ್ದು ಬೇರೆ ಕಾಯಿಲೆ ಈ ವೇಷದಲ್ಲಿ ಬಂದಿಲ್ಲ ತಾನೆ ಅಂತ ಖಚಿತ ಮಾಡಿಕೊಳ್ಳೋಕೆ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಮೆದುಳಿನ ಸೋಂಕು ಇವೆಲ್ಲ ಮನಸ್ಸಿನ ಕಾಯಿಲೆಯ ಹಾಗೇ ಕಾಣಬಹುದು. 2007ರಲ್ಲಿ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಇಂಥದ್ದೇ ಒಂದನ್ನು ಗುರುತಿಸಿದರು. ಅದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಎನ್‌ಎಂಡಿಎ ಎಂಬ ಗ್ರಾಹಕಗಳ (ನರಕೋಶಗಳು ರಾಸಾಯನಿಕ ಸಂದೇಶ ಹಿಡಿಯುವ ಜಾಗಗಳ) ಮೇಲೆ ಎರಗುತ್ತದೆ. ಚೆನ್ನಾಗಿದ್ದ ಹುಡುಗಿ ಕೆಲವೇ ದಿನಗಳಲ್ಲಿ ಭ್ರಮೆಗೆ ಬೀಳುತ್ತಾಳೆ, ಆಮೇಲೆ ಫಿಟ್ಸ್ ಬರುತ್ತದೆ, ಬಾಯಿ ತನ್ನಷ್ಟಕ್ಕೆ ಅಲುಗಾಡುತ್ತದೆ, ಮೈ ಸೆಟೆಯುತ್ತದೆ. ಬೇಗ ಗುರುತಿಸಿದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮಗನಿಗೆ ಜ್ವರ, ಫಿಟ್ಸ್, ಮಾತು ತಡವರಿಸುವುದು ಏನಾದರೂ ಕಂಡಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಕಾಯಿಲೆ ಎಲ್ಲಿದೆ ಅಂದಿರಿ. ಈವರೆಗಿನ ಸಂಶೋಧನೆ ಬೆರಳು ತೋರಿಸುವುದು ನರಕೋಶಗಳು ಒಂದನ್ನೊಂದು ಸಂಧಿಸುವ ಜಾಗಕ್ಕೆ. ಆಸ್ಪತ್ರೆಯ ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಜಾಗ ಅದು. ಹದಿಹರೆಯದಲ್ಲಿ ಎಲ್ಲರ ಮೆದುಳೂ ಬೇಡದ ಸಂಪರ್ಕಗಳನ್ನು ಕತ್ತರಿಸಿ ಹಾಕುತ್ತದೆ. 2016ರಲ್ಲಿ ಸ್ಟೀವ್ ಮೆಕ್‌ಕ್ಯಾರಲ್ ಅವರ ತಂಡ ಸಿ4 ಎಂಬ ಜೀನ್ ಬಗ್ಗೆ ಬರೆಯಿತು. ಆ ಜೀನಿನ ಕೆಲವು ರೂಪಗಳು ಜಾಸ್ತಿ ಕೆಲಸ ಮಾಡುವವರಲ್ಲಿ ಸ್ಕಿಜೋಫ್ರೇನಿಯಾದ ಸಾಧ್ಯತೆ ಸ್ವಲ್ಪ ಹೆಚ್ಚು. ಇಲಿಗಳಲ್ಲಿ ನೋಡಿದರೆ ಇದೇ ಜೀನ್ ಆ ಕತ್ತರಿಸುವ ಕೆಲಸದಲ್ಲಿ ಕೈಹಾಕುತ್ತದೆ. ಇಪ್ಪತ್ತರ ಆಸುಪಾಸಿನಲ್ಲೇ ಈ ಕಾಯಿಲೆ ಯಾಕೆ ಕಾಣಿಸಿಕೊಳ್ಳುತ್ತದೆ ಅನ್ನೋದಕ್ಕೆ ಇಲ್ಲೊಂದು ಸುಳಿವಿದೆ. ಪೂರ್ತಿ ಉತ್ತರ ಅಲ್ಲ.

ಇನ್ನೊಂದು ಮಾತು, ಇದನ್ನು ಆ ನೆಂಟರಿಗೂ ಓದಿ ಹೇಳಿ. ಮನೆಯಲ್ಲಿ ಬೈಗುಳ, ಚುಚ್ಚುಮಾತು ಜಾಸ್ತಿ ಇದ್ದರೆ ಈ ಕಾಯಿಲೆ ಮತ್ತೆ ಮತ್ತೆ ಮರುಕಳಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಅದರಿಂದ ಕಾಯಿಲೆ ಹುಟ್ಟಲ್ಲ, ಆದರೆ ಬಂದ ಕಾಯಿಲೆ ಕೆರಳುತ್ತದೆ. ಹಾಗಾಗಿ ಮೊದಲು ನಿಲ್ಲಬೇಕಾದ್ದು ಅವರ ದೂರು.

ಪ್ರಶ್ನೆ: ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ತಗೊಳ್ತಿದ್ದೇನೆ. ಸೆರೊಟೋನಿನ್ ಕಮ್ಮಿ ಇದೆ, ಅದನ್ನು ಸರಿಮಾಡೋಕೆ ಅಂದಿದ್ದರು. ಆ ಸಿದ್ಧಾಂತವೇ ಸುಳ್ಳು ಅಂತ ಈಗ ಓದಿದೆ. ನಾಳೆಯಿಂದ ನಿಲ್ಲಿಸಿಬಿಡಲಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುವುದು ಎಲ್ಲ ಶುರುವಾಗಬಹುದು. ಬಿಡಬೇಕು ಅನ್ನಿಸಿದರೆ ಡಾಕ್ಟರ ಜೊತೆ ಮಾತಾಡಿ, ನಿಧಾನವಾಗಿ ಇಳಿಸುತ್ತಾ ಬಿಡಿ.

ನೀವು ಓದಿದ್ದು ಬಹುಶಃ 2022ರಲ್ಲಿ ಬಂದ ಒಂದು ವಿಮರ್ಶೆಯ ಸುದ್ದಿ. ಹಿಂದಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ಅದರ ಲೇಖಕರು, ಖಿನ್ನತೆ ಇರುವವರಲ್ಲಿ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಕಮ್ಮಿ ಇರುತ್ತದೆ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ ಅಂದರು. ಅದನ್ನು ಒಪ್ಪದ ತಜ್ಞರೂ ಇದ್ದಾರೆ. ಆದರೆ ಕೊರತೆ ತುಂಬುವ ಆ ಸರಳ ಕತೆಯನ್ನು ಈ ಕ್ಷೇತ್ರದ ಸಂಶೋಧಕರು ಬಿಟ್ಟು ಬಹಳ ಕಾಲವಾಗಿತ್ತು. ಹೇಳೋಕೆ ಸುಲಭ ಅಂತ ಕ್ಲಿನಿಕ್ಕುಗಳಲ್ಲಿ ಅದು ಉಳಿದುಕೊಂಡಿತು, ಅಷ್ಟು ವರ್ಷ ಉಳಿಯಬಾರದಿತ್ತು. ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಅನ್ನೋದನ್ನು ಮಾತ್ರ ಆ ವಿಮರ್ಶೆ ಪರೀಕ್ಷಿಸಲೇ ಇಲ್ಲ.

ನಿಜವಾಗಿ ಇಲ್ಲಿ ಮೊದಲು ಬಂದದ್ದು ಔಷಧಿ, ಸಿದ್ಧಾಂತ ಆಮೇಲೆ. 1952ರ ಸುಮಾರಿಗೆ ನ್ಯೂಯಾರ್ಕಿನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಇಪ್ರೊನಿಯಾಜಿಡ್ ಎಂಬ ಹೊಸ ಔಷಧಿ ಕೊಟ್ಟಾಗ, ಹಾಸಿಗೆ ಹಿಡಿದಿದ್ದ ರೋಗಿಗಳು ಲವಲವಿಕೆಯಿಂದ ಓಡಾಡತೊಡಗಿದರು. ಅದನ್ನು ಖಿನ್ನತೆಗೆ ಕೊಟ್ಟು ನೋಡಿದರು. ಆ ಔಷಧಿ ಮೆದುಳಿನ ಯಾವ ರಾಸಾಯನಿಕಗಳನ್ನು ಮುಟ್ಟುತ್ತದೆ ಅಂತ ನೋಡುತ್ತಾ ಹೋಗಿ, ಅವೇ ಕಮ್ಮಿಯಾಗಿರಬೇಕು ಅಂತ ಹಿಂದಿನಿಂದ ಊಹಿಸಿದರು. ಆ ಊಹೆಗೆ ಒಂದು ತೊಡಕು ಮೊದಲಿಂದಲೂ ಇತ್ತು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಮೇಲೆ ಅದರ ಕೆಲಸ ಶುರುವಾಗುತ್ತದೆ, ಮನಸ್ಸು ಪೂರ್ತಿ ಹಗುರವಾಗೋದಕ್ಕೆ ಮಾತ್ರ ವಾರಗಟ್ಟಲೆ ಬೇಕು. ಆ ವಾರಗಳಲ್ಲಿ ನರಕೋಶಗಳ ನಡುವೆ ಹೊಸ ಸಂಪರ್ಕಗಳು ಬೆಳೆಯುತ್ತಿರಬಹುದು ಅಂತ ಪ್ರಾಣಿಗಳ ಮೇಲಿನ ಅಧ್ಯಯನಗಳು ಹೇಳುತ್ತವೆ.

2018ರಲ್ಲಿ 21 ಬಗೆಯ ಖಿನ್ನತೆಯ ಔಷಧಿಗಳ 522 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಎಲ್ಲವೂ ಹುಸಿ ಮಾತ್ರೆಗಿಂತ ಮೇಲು ಅಂತ ಕಂಡಿತು. ಆದರೆ ಸರಾಸರಿ ವ್ಯತ್ಯಾಸ ದೊಡ್ಡದೇನಲ್ಲ. ಕೆಲವರಿಗೆ ತುಂಬಾ ಒಳ್ಳೆಯದಾಗುತ್ತದೆ, ಕೆಲವರಿಗೆ ಏನೂ ಆಗಲ್ಲ. ಖಿನ್ನತೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯಿಂದ ಶುರು ಮಾಡೋದೇ ಸರಿ. ಈ ಎರಡು ವರ್ಷದಲ್ಲಿ ನಿಮಗೆ ಉಪಯೋಗವಾಗಿದೆಯಾ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು. ತೀರ್ಮಾನ ಅಲ್ಲಿಂದ ಹುಟ್ಟಲಿ.

ಪ್ರಶ್ನೆ: ಅಕ್ಕನಿಗೆ ಸ್ಕಿಜೋಫ್ರೇನಿಯಾ ಇದೆ. ನನಗೆ 32, ಚೆನ್ನಾಗಿದ್ದೀನಿ, ಮದುವೆ ಗೊತ್ತಾಗಿದೆ. ನನ್ನ ಮಕ್ಕಳಿಗೆ ಬರುತ್ತಾ? ಎಂಜಲು ಕಳಿಸಿದರೆ ಜೀನ್ ನೋಡಿ ಹೇಳ್ತೀವಿ ಅನ್ನೋ ಕಂಪನಿಗಳಿವೆಯಂತೆ, ಕಳಿಸಲಾ?

ಉತ್ತರ: ಕಳಿಸಬೇಡಿ, ಅದರಿಂದ ನಿಮಗೆ ಸಿಗುವುದು ಚಿಂತೆ ಮಾತ್ರ.

ಜನಸಾಮಾನ್ಯರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಬರುತ್ತದೆ. ಒಡಹುಟ್ಟಿದವರಿಗೆ ಇದ್ದರೆ ನೂರಕ್ಕೆ ಸುಮಾರು ಒಂಬತ್ತು. ಚಿಕ್ಕಮ್ಮನಿಗೋ ದೊಡ್ಡಮ್ಮನಿಗೋ ಇದ್ದರೆ, ಅಂದರೆ ನಿಮ್ಮ ಮಕ್ಕಳ ಲೆಕ್ಕ, ನೂರಕ್ಕೆ ನಾಲ್ಕರ ಆಸುಪಾಸು. ಇದನ್ನೇ ತಿರುಗಿಸಿ ನೋಡಿ, ನೂರಕ್ಕೆ 96 ಮಕ್ಕಳಿಗೆ ಬರಲ್ಲ. ಜೀನ್ ಅಷ್ಟೂ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ಗರ್ಭದಲ್ಲಿ, ಹೆರಿಗೆ ಹೊತ್ತಲ್ಲಿ ಆದ ತೊಂದರೆ, ಹದಿಹರೆಯದ ಗಾಂಜಾ, ಇವೂ ಪಾಲು ಪಡೆಯುತ್ತವೆ.

2022ರಲ್ಲಿ ಈ ಕಾಯಿಲೆ ಇರುವ 76 ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿ 287 ಜಾಗಗಳನ್ನು ಗುರುತಿಸಿದರು. ಒಂದೊಂದರ ಪರಿಣಾಮವೂ ತೀರಾ ಸಣ್ಣದು. ಅವುಗಳಲ್ಲಿ ಎಷ್ಟೋ ನಮ್ಮ ನಿಮ್ಮಂಥ ಎಲ್ಲರಲ್ಲೂ ಇರುತ್ತವೆ. ಹಾಗಾಗಿ ಒಬ್ಬರ ಎಂಜಲು ನೋಡಿ ಭವಿಷ್ಯ ಹೇಳುವ ಸ್ಥಿತಿ ಬಂದಿಲ್ಲ. ಒಂದು ಅಪವಾದ ಉಂಟು. 22ನೇ ಕ್ರೋಮೋಸೋಮಿನ ಒಂದು ಸಣ್ಣ ತುಂಡೇ ಇಲ್ಲದೆ ಹುಟ್ಟುವವರಲ್ಲಿ ಸುಮಾರು ಕಾಲುಭಾಗ ಜನಕ್ಕೆ ಮುಂದೆ ಇಂಥ ಕಾಯಿಲೆ ಬರುತ್ತದೆ. ಅಂಥವರಲ್ಲಿ ಹುಟ್ಟಿನಿಂದಲೇ ಹೃದಯದ ದೋಷ, ಅಂಗುಳದ ದೋಷ ಇರುವುದು ಹೆಚ್ಚು. ಅಕ್ಕನಿಗೆ ಅಂಥದ್ದೇನಾದರೂ ಇದ್ದರೆ ವೈದ್ಯರ ಹತ್ತಿರ ಪ್ರಸ್ತಾಪಿಸಿ, ಇಲ್ಲದಿದ್ದರೆ ನೆಮ್ಮದಿಯಾಗಿ ಮದುವೆಯಾಗಿ.

ಪ್ರಶ್ನೆ: ಬೈಪೋಲಾರ್‌ಗೆ (ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ, ಒಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆಗೆ) ಲಿಥಿಯಂ ತಗೊಳ್ತೀನಿ. ಬ್ಯಾಟರಿಗೆ ಹಾಕೋದೇ ಇದು ಅಂತ ತಮ್ಮ ಹೆದರಿಸ್ತಾನೆ. ಪದೇಪದೇ ರಕ್ತ ಬೇರೆ ಕೊಡಬೇಕು. ಯಾಕೆ?

ಉತ್ತರ: ಹೌದು, ಅದೇ ಧಾತು, ನಿಮ್ಮ ಮಾತ್ರೆಯಲ್ಲಿರುವುದು ಅದರ ಲವಣ. ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದ ಇದ್ದವರ ಮೂತ್ರದಲ್ಲಿ ಏನೋ ವಿಷ ಇರಬೇಕು ಅಂದುಕೊಂಡು ಅದನ್ನು ಗಿನಿಪಿಗ್‌ಗಳಿಗೆ ಚುಚ್ಚಿ ನೋಡುತ್ತಿದ್ದರು. ಯೂರಿಕ್ ಆಮ್ಲ ನೀರಲ್ಲಿ ಕರಗಲಿ ಅಂತ ಅದರ ಲಿಥಿಯಂ ಲವಣವನ್ನು ಬಳಸಿದರು. ಸಾಮಾನ್ಯವಾಗಿ ಬೆದರುವ ಆ ಪ್ರಾಣಿಗಳು ಅಂಗಾತ ಮಲಗಿಸಿದರೂ ಸುಮ್ನೆ ನೋಡುತ್ತಾ ಬಿದ್ದಿದ್ದವು. ಅವರು ಮೊದಲು ತಾವೇ ಲಿಥಿಯಂ ತಗೊಂಡು ನೋಡಿ, ಆಮೇಲೆ ಉನ್ಮಾದದ 10 ರೋಗಿಗಳಿಗೆ ಕೊಟ್ಟು 1949ರಲ್ಲಿ ಪ್ರಕಟಿಸಿದರು. ಮೂತ್ರದ ವಿಷ ಅನ್ನೋ ಊಹೆ ತಪ್ಪಾಗಿತ್ತು, ಸಿಕ್ಕ ಔಷಧಿ ಇವತ್ತಿಗೂ ಬೈಪೋಲಾರ್‌ನ ಮುಖ್ಯ ಔಷಧಿ. ಆತ್ಮಹತ್ಯೆಯನ್ನು ತಗ್ಗಿಸುತ್ತದೆ ಎನ್ನುವ ಪುರಾವೆಯೂ ಅದಕ್ಕಿದೆ.

ಆದರೆ ಕೇಡ್ ಅವರ ಮೊದಲ ರೋಗಿ ಮುಂದೆ ತೀರಿಕೊಂಡದ್ದು ಲಿಥಿಯಂ ವಿಷವೇರಿಯೇ. ಆಗ ರಕ್ತದಲ್ಲಿ ಅದರ ಮಟ್ಟ ಅಳೆಯುವ ರೂಢಿ ಇರಲಿಲ್ಲ. ಅಳೆಯುವುದು ಅದಕ್ಕೇ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು, 1.5 ದಾಟಿದರೆ ಅಪಾಯ. ಕೊನೆಯ ಮಾತ್ರೆ ತಗೊಂಡು ಸುಮಾರು 12 ಗಂಟೆ ಆದ ಮೇಲೆ ರಕ್ತ ಕೊಡಿ. ವಾಂತಿ ಭೇದಿಯಾಗಿ ನೀರಿನಂಶ ಇಳಿದರೆ ಮಟ್ಟ ಏರುತ್ತದೆ, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಯಿಂದಲೂ ಏರುತ್ತದೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ ಖಿನ್ನತೆ ತೀವ್ರವಾಗಿದೆ, ಊಟ ಬಿಟ್ಟಿದ್ದಾರೆ. ಶಾಕ್ ಕೊಡೋಣ ಅಂತಾರೆ. ಒಪ್ಪಲಾ?

ಉತ್ತರ: ಊಟ ನೀರು ಬಿಟ್ಟವರಿಗೆ ಮಾತ್ರೆಯ ವಾರಗಳನ್ನು ಕಾಯೋಕೆ ಸಮಯವಿರಲ್ಲ, ನಾನಾದರೆ ಒಪ್ಪುತ್ತಿದ್ದೆ. 1938ರಲ್ಲಿ ರೋಮ್‌ನಲ್ಲಿ ಶುರುವಾದಾಗ ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು, ಭಯ ಹುಟ್ಟಿದ್ದು ಅಲ್ಲಿಂದ. ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿ ಮಾಡುತ್ತಾರೆ. ಆ ದಿನಗಳ ನೆನಪು ಮಸುಕಾಗಬಹುದು, ಕೆಲವರಿಗೆ ಹಳೆಯ ಕೆಲವು ನೆನಪುಗಳೂ ಹೋಗುತ್ತವೆ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ತಮ್ಮನ ಸ್ಕಿಜೋಫ್ರೇನಿಯಾಕ್ಕೆ ಎರಡು ಔಷಧಿ ಸೋತಿವೆ. ಹೊಸದೇನಾದರೂ ಬಂದಿದೆಯಾ?

ಉತ್ತರ: ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಸಾನೊಮೆಲಿನ್-ಟ್ರೋಸ್ಪಿಯಂ ಎಂಬ ಔಷಧಿ ಹಳೆಯ ಔಷಧಿಗಳ ಹಾಗೆ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕದ ಗ್ರಾಹಕಗಳನ್ನು ತಡೆಯುವುದಿಲ್ಲ, ಬೇರೆ ದಾರಿ ಹಿಡಿದಿದೆ. ಆದರೆ ನಿಮ್ಮ ತಮ್ಮನಿಗೆ ಮೊದಲು ಕೇಳಬೇಕಾದ್ದು ಹಳೆಯದೊಂದನ್ನು. 1988ರಲ್ಲಿ, ಬೇರೆ ಔಷಧಿಗೆ ಜಗ್ಗದ ರೋಗಿಗಳಿಗೆ ಕ್ಲೋಜಪಿನ್ ಕೊಟ್ಟಾಗ ಆರು ವಾರದಲ್ಲಿ ಶೇಕಡಾ 30 ಜನ ಸುಧಾರಿಸಿದರು, ಕ್ಲೋರ್‌ಪ್ರೊಮಜಿನ್ ಎಂಬ ಇನ್ನೊಂದು ಹಳೆಯ ಔಷಧಿ ತಗೊಂಡವರಲ್ಲಿ ಶೇಕಡಾ 4. ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸುವುದರಿಂದ ಶುರುವಿನಲ್ಲಿ ವಾರವಾರ ರಕ್ತ ಪರೀಕ್ಷೆ ಬೇಕು. ಆ ರಗಳೆಗೆ ಹೆದರಿ ಎಷ್ಟೋ ಜನರಿಗೆ ಇದನ್ನು ವರ್ಷಗಟ್ಟಲೆ ತಡಮಾಡಿ ಕೊಡುತ್ತಾರೆ, ನನಗೆ ತುಂಬಾ ನೋವು ಕೊಡುವ ವಿಷಯ ಇದು. ಎರಡೂ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟಿದ್ದರಾ ಅಂತ ಮೊದಲು ಕೇಳಿ. ಹೌದು ಅಂದರೆ, ಕ್ಲೋಜಪಿನ್ ಯಾಕೆ ಬೇಡ ಅಂತ ಅವರ ಡಾಕ್ಟರನ್ನು ಮುಂದಿನ ಭೇಟಿಯಲ್ಲೇ ಕೇಳಿ.