ವಿಗ್ರಹಾರಾಧನೆಗೂ ಅಹಂಕಾರಕ್ಕೂ ಏನು ಸಂಬಂಧ?

ಕ್ರೈಸ್ತ ಬೋಧನೆಯಲ್ಲಿ ವಿಗ್ರಹಾರಾಧನೆ ಎಂದರೆ ಪ್ರತಿಮೆಗೆ ಕೈಮುಗಿಯುವುದು ಮಾತ್ರವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ದೇವರಿಗೆ ಸಲ್ಲಬೇಕಾದ ಸ್ಥಾನವನ್ನು ಬೇರೆ ಯಾವುದಕ್ಕೆ ಕೊಟ್ಟರೂ ಅದು ವಿಗ್ರಹವೇ. ಬೈಬಲಿನಲ್ಲಿ, ಕೊಲೊಸ್ಸೆ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ (3:5), ಯೇಸುವಿನ ಸಂದೇಶ ಸಾರಿದ ಪೌಲನು ಲೋಭವನ್ನೇ ವಿಗ್ರಹಾರಾಧನೆ ಎನ್ನುತ್ತಾನೆ.

ಇದರ ಬೇರು ಅಹಂಕಾರ. ಬೈಬಲಿನ ದಾನಿಯೇಲನ ಗ್ರಂಥದ 4ನೇ ಅಧ್ಯಾಯದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಅರಮನೆಯ ಮೇಲೆ ತಿರುಗಾಡುತ್ತಾ, ಈ ಮಹಾನಗರವನ್ನು ನನ್ನ ಬಲದಿಂದಲೇ ಕಟ್ಟಿದೆನಲ್ಲವೇ ಎಂದು ಬೀಗುತ್ತಾನೆ. ಅಲ್ಲಿ ನಡೆದದ್ದು ತನ್ನದೇ ಪೂಜೆ. ಮಾತು ಬಾಯಲ್ಲಿರುವಾಗಲೇ ರಾಜ್ಯ ಕೈತಪ್ಪುತ್ತದೆ. ಅರಸ ದನಗಳಂತೆ ಹುಲ್ಲು ಮೇಯುತ್ತಾನೆ.

ಕಾರವಾರದ ನಮ್ಮ ಮನೆಯಲ್ಲೇ ಇದನ್ನು ಕಂಡಿದ್ದೇನೆ. ಬಲೆ ತುಂಬ ಬಂಗಡೆ ಬಂದ ದಿನ ‘ದೇವರು ಕೊಟ್ಟ’ ಎನ್ನುತ್ತಿದ್ದ ಚಿಕ್ಕಪ್ಪ, ಎರಡನೆಯ ದೋಣಿ ಕೊಂಡ ಮೇಲೆ ‘ನನ್ನ ಲೆಕ್ಕ ತಪ್ಪುವುದಿಲ್ಲ’ ಎನ್ನತೊಡಗಿದರು. ಕೊರಳಿನ ಶಿಲುಬೆ ಹಾಗೆಯೇ ಇತ್ತು. ಅವರ ಮೇಲಿನ ಪ್ರೀತಿಯಿಂದಲೇ ನನಗೆ ಅದು ಬಹಳ ನೋವು ತಂದಿತು.

ಚರ್ಚಿನಲ್ಲಿರುವ ಪ್ರತಿಮೆಗಳ ಮಾತು? ಅವಕ್ಕೆ ಸಲ್ಲುವುದು ಗೌರವ, ಆರಾಧನೆಯಲ್ಲ ಎಂದು ಕಥೋಲಿಕ ಸಭೆ ಕಲಿಸುತ್ತದೆ. ಪ್ರೊಟೆಸ್ಟಂಟರಲ್ಲಿ ಅನೇಕರು ಒಪ್ಪುವುದಿಲ್ಲ. ಎಚ್ಚರಿಕೆಯಂತೂ ಇಬ್ಬರಿಗೂ ಬೇಕು. ದೇವರ ಅಪ್ಪಣೆಯಂತೆ ಇಸ್ರಾಯೇಲ್ಯರ ನಾಯಕ ಮೋಶೆ ಮಾಡಿಸಿದ್ದ ತಾಮ್ರದ ಸರ್ಪಕ್ಕೇ ಮುಂದೆ ಜನ ಧೂಪ ಹಾಕತೊಡಗಿದಾಗ, ಯೆಹೂದದ ಅರಸ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು.